ಹೈಸ್ಕೂಲ್ ಮಕ್ಕಳಿಗೆ ಆರೋಗ್ಯ ಸೇವೆಯ ರಜಾ ತರಬೇತಿ: ಮಗಳನ್ನು ಕಳಿಸಿದ ಮೇಲೆ ನನ್ನ ಅಭಿಪ್ರಾಯ

ನಮ್ಮ ಊರಿನ ಸಂಸ್ಥೆಯೊಂದು ನಡೆಸುವ ಈ ತರಬೇತಿ ನನಗೆ ತುಂಬಾ ಹಿಡಿಸಿತು. ಆರೋಗ್ಯದ ಕೆಲಸ ಅಂದ್ರೆ ಡಾಕ್ಟರು, ನರ್ಸು ಅಷ್ಟೇ ಅಂತ ಮಕ್ಕಳು ಅಂದುಕೊಂಡಿರುತ್ತಾರೆ ಅಲ್ವಾ, ಇವರು ಮೊದಲು ಕರೆದುಕೊಂಡು ಹೋಗಿದ್ದೇ ಅಂಗನವಾಡಿಗೆ.

ಅಲ್ಲಿ ತೋಳಿನ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಕೈಗೆ ಕೊಟ್ಟರು. ಭುಜಕ್ಕೂ ಮೊಣಕೈಗೂ ಸರಿ ಮಧ್ಯದ ಜಾಗ ಹುಡುಕಬೇಕು, ಎಡತೋಳಿಗೆ ಸುತ್ತಬೇಕು, ಬಿಗಿಯಾಗಿ ಎಳೆಯಬಾರದು. 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 12.5ರ ತನಕ ಹಳದಿ. ಮಗು ಅಳುತ್ತಾ ಕೈ ಕೊಸರುವಾಗ ಅದನ್ನು ಸಮಾಧಾನ ಮಾಡಿ ಅಳೆಯೋದು ಎಷ್ಟು ಕಷ್ಟ ಅಂತ ಮಗಳು ಮನೆಗೆ ಬಂದು ಹೇಳಿದ್ದೇ ಹೇಳಿದ್ದು.

ಆಶಾ ಕಾರ್ಯಕರ್ತೆಯ ಜೊತೆ ಬಾಣಂತಿಯರ ಮನೆಗೂ ಹೋದರು. ಆಸ್ಪತ್ರೆಯಲ್ಲೇ ಹೆರಿಗೆಯಾಗಿದ್ದರೂ 3ನೇ ದಿನದಿಂದ 42ನೇ ದಿನದೊಳಗೆ ಆಶಾ 6 ಸಲ ಮನೆಗೆ ಬರಬೇಕು. ಇಷ್ಟೆಲ್ಲಾ ಮಾಡುವವರಿಗೆ ಕಾಯಂ ಸಂಬಳ ಇಲ್ಲ, ಗೌರವಧನ, ಪ್ರೋತ್ಸಾಹಧನ ಅಷ್ಟೇ. ಅದನ್ನೂ ಮಕ್ಕಳಿಂದ ಮುಚ್ಚಿಡಲಿಲ್ಲ, ಒಳ್ಳೇದಾಯ್ತು. ಮನೆಯವರ ಒಪ್ಪಿಗೆ ಮೊದಲೇ ಕೇಳಿದ್ದರು, ಫೋಟೋ ತೆಗೆಯೋಕೆ ಯಾರಿಗೂ ಬಿಡಲಿಲ್ಲ.

ಬೇಜಾರಾಗಿದ್ದು ವಯಸ್ಸಾದವರ ಆರೈಕೆಯ ಪಾಠ. ಸುಮ್ನೆ ಕೂರಿಸಿ ಭಾಷಣ ಮಾಡಿದರು. ಹಾಸಿಗೆ ಹಿಡಿದವರನ್ನು ಹೇಗೆ ಮಗ್ಗುಲು ಬದಲಿಸಬೇಕು, ಬೆನ್ನಿಗೆ ಹುಣ್ಣಾಗದ ಹಾಗೆ ಹೇಗೆ ನೋಡಿಕೊಳ್ಳಬೇಕು, ಇದನ್ನು ಮಾಡಿ ತೋರಿಸಬೇಕಿತ್ತು. ಹುಡುಗರೂ ತೀರಾ ಕಡಿಮೆ ಇದ್ದರು. ಮಗ ಇರುವವರು ದಯವಿಟ್ಟು ಅವನನ್ನೂ ಕಳಿಸಿ.