ಮನೆಗೆ ನ್ಯಾಸ್ ಹಾಕಿಸಿದ್ದೀರಾ? ಆ ಬಾಣದ ಗುರುತು ಒಮ್ಮೆ ನೋಡಿ

ಗೂಗಲ್ ಡ್ರೈವಿನ ಫೈಲುಗಳನ್ನು ಮನೆಯ ನ್ಯಾಸ್ ಬಾಕ್ಸಿಗೆ, ಅಂದರೆ ಮನೆಯ ನೆಟ್‌ವರ್ಕಿಗೆ ಸೇರಿಸಿದ ಡಿಸ್ಕಿನ ಡಬ್ಬಕ್ಕೆ, ಸಿಂಕ್ ಮಾಡಿಸಿ ನೆಮ್ಮದಿಯಾಗಿ ಕೂತವರು ನಮ್ಮ ಉಡುಪಿ, ಮಣಿಪಾಲದ ಕಡೆ ಸುಮಾರು ಜನ ಇದ್ದೀರಿ. ಮಕ್ಕಳು ಗಲ್ಫಲ್ಲೋ ಬೆಂಗಳೂರಲ್ಲೋ, ಫೋಟೋ ವಿಡಿಯೋ ಎಲ್ಲ ಡ್ರೈವಲ್ಲಿ, ಊರಿನ ಮನೆಯಲ್ಲಿ ಟಿವಿ ಪಕ್ಕ ಮಿಣಮಿಣ ಲೈಟಿನ ಒಂದು ಡಬ್ಬ. ಬ್ರಹ್ಮಾವರದ ನಮ್ಮ ಮನೆಯಲ್ಲೂ ಹಾಗೇ. ಅಂಗಡಿಯವರು ಆ ಡಬ್ಬ ಸೆಟ್ ಮಾಡಿಕೊಟ್ಟ ರೀತಿಗೆ ಅಪ್ಪನ ತಾಳಮದ್ದಳೆ ರೆಕಾರ್ಡಿಂಗುಗಳು ಡ್ರೈವಿನಿಂದಲೂ ಹೋದವು, ಡಬ್ಬದಿಂದಲೂ ಹೋದವು. ನಿಮ್ಮಲ್ಲೂ ಅದೇ ಸೆಟ್ಟಿಂಗ್ ಇರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಅಪ್ಪ ಹವ್ಯಾಸಿ ಅರ್ಥಧಾರಿ, ಅಂದರೆ ತಾಳಮದ್ದಳೆಯಲ್ಲಿ ಕೂತು ಪಾತ್ರದ ಮಾತು ಹೇಳುವವರು. ಮಳೆಗಾಲದ ಕೂಟಗಳಲ್ಲಿ ಯಾರ್ಯಾರೋ ಟೇಪ್ ರೆಕಾರ್ಡರಿನಲ್ಲಿ ಹಿಡಿದ ಕ್ಯಾಸೆಟ್ಟುಗಳು ಕಪಾಟು ತುಂಬ ಇದ್ದವು. ಕರಾವಳಿಯ ತೇವ ಗೊತ್ತಲ್ಲ, ಟೇಪಿನ ಅಂಚಿಗೆ ಬಿಳಿ ಫಂಗಸ್ ಹಿಡಿಯಲಿಕ್ಕೆ ಶುರುವಾಗಿತ್ತು. ಪರಿಚಯದ ಹುಡುಗನೊಬ್ಬ ಒಂದೊಂದಾಗಿ ಕಂಪ್ಯೂಟರಿಗೆ ಹಾಕಿಕೊಟ್ಟ. ಎಂಪಿ3 ಮಾಡಿದರೆ ಮದ್ದಳೆಯ ನಾದ ಸಾಯುತ್ತದೆ ಅಂತ ವೇವ್ ಫೈಲೇ ಮಾಡಿದ. ವೇವ್ ಅಂದರೆ ನಿಮಿಷಕ್ಕೆ ಹತ್ತಿರ ಹತ್ತಿರ 10 ಎಂಬಿ, 90 ನಿಮಿಷದ ಒಂದು ಕ್ಯಾಸೆಟ್ಟಿಗೆ 900 ಎಂಬಿ ದಾಟುತ್ತದೆ. ಹಾಗಾಗಿ ಮಸ್ಕತ್ತಿನಲ್ಲಿರುವ ಅಕ್ಕ ತನ್ನ ಗೂಗಲ್ ಅಕೌಂಟಿಗೆ 100 ಜಿಬಿ ದುಡ್ಡು ಕಟ್ಟಿ, ಎಲ್ಲವನ್ನೂ ಅಲ್ಲೇ ಇಟ್ಟಳು.

ಆಮೇಲೆ ನ್ಯಾಸ್ ಬಂತು. 4 ಟಿಬಿಯ ಎರಡು ಡಿಸ್ಕ್, ರೇಡ್ 1, ಅಂದರೆ ಒಂದರಲ್ಲಿ ಇದ್ದದ್ದೇ ಇನ್ನೊಂದರಲ್ಲೂ. ಸೆಟ್ ಮಾಡಲಿಕ್ಕೆ ಬಂದ ಹುಡುಗ ಚುರುಕು, ಮಾತೂ ಚೆಂದ. ಅಕ್ಕ ವಿಡಿಯೋ ಕಾಲಲ್ಲಿ ಇದ್ದಳು, ಪಾಸ್‌ವರ್ಡ್ ಅವಳೇ ಹಾಕಬೇಕಿತ್ತು. ಮುಗಿದ ಮೇಲೆ ಅವನು ಅವಳಿಗೆ ಹೇಳಿದ್ದು ಇಷ್ಟು: "ಇನ್ನು ಎಂತ ತಲೆಬಿಸಿ ಇಲ್ಲ ಅಕ್ಕಾ, ಎಲ್ಲ ಮನೆಯ ಬಾಕ್ಸಲ್ಲಿ ಬ್ಯಾಕಪ್ ಉಂಟು. ಡ್ರೈವಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ." ಬಿಲ್ಲಿನಲ್ಲೂ ಬ್ಯಾಕಪ್ ಅಳವಡಿಕೆ ಶುಲ್ಕ ಅಂತಲೇ ಬರೆದುಕೊಟ್ಟರು.

ಅವನು ಹಾಕಿದ್ದು ಎರಡೂ ಕಡೆಯ ಸಿಂಕ್. ಅಂದರೆ ಇಲ್ಲಿ ಸೇರಿಸಿದ್ದು ಅಲ್ಲಿಗೆ, ಅಲ್ಲಿ ಸೇರಿಸಿದ್ದು ಇಲ್ಲಿಗೆ. ಅಲ್ಲಿ ಅಳಿಸಿದ್ದು? ಅದೂ ಇಲ್ಲಿಗೆ.

ಸ್ವಲ್ಪ ಕಾಲ ಕಳೆದು ಅಕ್ಕನ ಜಿಮೇಲಿಗೆ ಮೇಲ್ ಬರುವುದು ನಿಂತಿತು. ಗೂಗಲಿನಲ್ಲಿ ಮೇಲ್, ಡ್ರೈವ್, ಫೋಟೋ ಮೂರಕ್ಕೂ ಜಾಗ ಒಂದೇ. ಒಂದು ತುಂಬಿದರೆ ಮೂರೂ ತುಂಬಿದ ಹಾಗೆ. ಅವಳು ಆ ಹುಡುಗನ ಮಾತು ನೆನಪಿಟ್ಟುಕೊಂಡು ಡ್ರೈವಿನ ತಾಳಮದ್ದಳೆ ಫೋಲ್ಡರನ್ನು ಅಳಿಸಿದಳು. ಮನೆಯ ಬಾಕ್ಸಲ್ಲಿ ಉಂಟಲ್ವಾ!

ನಮಗೆ ಗೊತ್ತಾದದ್ದು ತುಂಬ ತಡವಾಗಿ. ಊರಿನ ಸಂಘದವರು ಅಪ್ಪ ವಾಲಿಯ ಅರ್ಥ ಹೇಳಿದ ರೆಕಾರ್ಡಿಂಗ್ ಕೇಳಿದರು. ಬಾಕ್ಸ್ ತೆರೆದರೆ ಫೋಲ್ಡರೇ ಇಲ್ಲ. ಸಿಂಕಿನ ಲಾಗ್ ತೆಗೆದು ನೋಡಿದೆ. ಒಂದು ರಾತ್ರಿ ಹನ್ನೊಂದೂವರೆಯ ಹೊತ್ತಿಗೆ, ಅಂದರೆ ಮಸ್ಕತ್ತಿನಲ್ಲಿ ಹತ್ತು ಗಂಟೆಗೆ, ಸಾಲಾಗಿ ಡಿಲೀಟ್, ಡಿಲೀಟ್, ಡಿಲೀಟ್. ಒಂದೊಂದು ಸಾಲಿಗೂ ಪಕ್ಕದಲ್ಲಿ ಹಸಿರು ಟಿಕ್. ಬಾಕ್ಸಿನ ಲೆಕ್ಕದಲ್ಲಿ ಅದು ಸರಿಯಾಗಿ ಮುಗಿಸಿದ ಕೆಲಸ ನೋಡಿ.

ರೇಡ್ ಇದೆಯಲ್ಲ ಅಂತ ಕೇಳಬೇಡಿ. ಎರಡು ಡಿಸ್ಕಿನಲ್ಲೂ ಒಂದೇ ಬರಹ ಇರುವುದಷ್ಟೇ ಅದರ ಕೆಲಸ. ಡಿಸ್ಕ್ ಕೆಟ್ಟರೆ ಉಳಿಸುತ್ತದೆ. ಫೈಲ್ ಅಳಿಸಿದರೆ ಎರಡರಲ್ಲೂ ಒಟ್ಟಿಗೇ ಅಳಿಯುತ್ತದೆ. ಗೂಗಲ್ ಡ್ರೈವಿನ ಟ್ರ್ಯಾಶಿನಲ್ಲಿ 30 ದಿನ ಮಾತ್ರ ಇರುತ್ತದೆ, 2020ರ ಅಕ್ಟೋಬರಿನಿಂದ ಅದೇ ನಿಯಮ. ಅದು ಕಳೆದಿತ್ತು. ಬಾಕ್ಸಿನಲ್ಲಿ ಶೇರ್ಡ್ ಫೋಲ್ಡರಿಗೆ ರಿಸೈಕಲ್ ಬಿನ್ ಅಂತ ಒಂದು ಟಿಕ್ ಉಂಟು, ಅದನ್ನು ಹಾಕಿರಲಿಲ್ಲ. ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿಗೆ ಫೈಲುಗಳು ಹೇಗಿದ್ದವೋ ಹಾಗೇ ಹಿಡಿದಿಡುವ ವ್ಯವಸ್ಥೆ, ಅದೂ ಇಲ್ಲ. ಮಂಗಳೂರಿನಲ್ಲಿ ಡೇಟಾ ರಿಕವರಿ ಮಾಡುವವರಿಗೆ ಡಿಸ್ಕ್ ಕೊಟ್ಟೆವು. ಅವರು ಕೇಳಿದ ಮೊದಲ ಪ್ರಶ್ನೆ, "ಇದರಲ್ಲಿ ಬೇರೆ ಎಂತ ಬರೆಯುತ್ತಾ ಇತ್ತು?" ಸಿಸಿಟಿವಿ ಮಾರಾಯ್ರೆ! ಅದೇ ಹುಡುಗ ಅಂಗಳದ ಕ್ಯಾಮೆರಾದ ರೆಕಾರ್ಡಿಂಗನ್ನೂ ಅದೇ ಡಿಸ್ಕಿಗೆ ಹಾಕಿದ್ದ. ಅಳಿಸಿದ ಫೈಲು ಇದ್ದ ಜಾಗದ ಮೇಲೆ ಹಗಲು ರಾತ್ರಿ ಅಂಗಳದ ನಾಯಿ, ತೆಂಗಿನಮರ ರೆಕಾರ್ಡ್ ಆಗಿತ್ತು. ಹಾಗೆ ಮೇಲೆ ಬರೆದುಹೋದದ್ದನ್ನು ಯಾರಿಂದಲೂ ವಾಪಸ್ ತರಲಿಕ್ಕೆ ಆಗುವುದಿಲ್ಲ. ಕೆಲವು ತುಂಡುಗಳು ಸಿಕ್ಕವು, ಅಷ್ಟೇ. ಈಗ ಕ್ಯಾಸೆಟ್ಟುಗಳನ್ನೇ ಮತ್ತೆ ಹಾಕುತ್ತಿದ್ದೇವೆ. ಒಳ್ಳೆಯ ಕೂಟದ್ದೇ ಕೆಲವು ಈಗ ಓಡುವುದಿಲ್ಲ.

ಲಾಗಿನಲ್ಲಿ ಇನ್ನೊಂದು ವಿಷಯ ಕಂಡಿತು. ಕನ್ನಡದಲ್ಲಿ ಫೈಲಿನ ಹೆಸರು ಇಡುವವರು ಇದನ್ನು ಗಮನ ಕೊಟ್ಟು ಓದಿ. ಕೆಲವು ಫೈಲುಗಳು ಡ್ರೈವಿನಿಂದ ಬಾಕ್ಸಿಗೆ ಯಾವತ್ತೂ ಬಂದೇ ಇರಲಿಲ್ಲ. ಕಾರಣ, ಹೆಸರು ಉದ್ದ. ಪ್ರಸಂಗ, ಊರು, ಭಾಗವತರು, ಅರ್ಥಧಾರಿಗಳು ಎಲ್ಲ ಹೆಸರಲ್ಲೇ ಇರಲಿ ಅಂತ ಬರೆದಿಟ್ಟಿದ್ದೆವು, ಅದು ಸರಿಯಾದ ಪದ್ಧತಿಯೇ. ಆದರೆ ನ್ಯಾಸ್ ಹೆಸರನ್ನು ಅಳೆಯುವುದು ಬೈಟಿನಲ್ಲಿ. ಸಾಮಾನ್ಯವಾಗಿ 255 ಬೈಟ್ ಮಿತಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಗುರುತಿಗೂ ಮೂರು. ಕೊಂಬು, ದೀರ್ಘ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. ತಾಳಮದ್ದಳೆ ಅಂತ ಬರೆದರೇ 27 ಬೈಟ್ ಹೋಯಿತು. ಅದರ ಮೇಲೆ ಸಿನಾಲಜಿ ಕಂಪನಿಯಂಥ ಬಾಕ್ಸುಗಳಲ್ಲಿ ಫೋಲ್ಡರಿಗೆ ಎನ್‌ಕ್ರಿಪ್ಶನ್ (ಕೀಲಿ ಇಲ್ಲದವರಿಗೆ ಓದಲಾಗದ ಹಾಗೆ ಮಾಡುವುದು) ಹಾಕಿದರೆ ಮಿತಿ 143ಕ್ಕೆ ಇಳಿಯುತ್ತದೆ. ಕನ್ನಡದಲ್ಲಿ ಸುಮಾರು 47 ಗುರುತು. ನಮ್ಮದಕ್ಕೆ ಕೇಳದೆಯೇ ಎನ್‌ಕ್ರಿಪ್ಶನ್ ಹಾಕಿದ್ದರು. ಸೆಟ್ ಮಾಡಿದ ದಿನವೇ ಲಾಗಿನಲ್ಲಿ ಎರರ್ ಬಿದ್ದಿತ್ತು. ಅದನ್ನು ನೋಡದೆ "ಎಲ್ಲ ಬಂತು ಸರ್" ಅಂತ ಹೇಳಿ ಹೋದದ್ದು.

ಗೂಗಲ್ ಶೀಟ್, ಡಾಕ್ಸಿನ ಕಥೆಯೂ ಸಣ್ಣದಲ್ಲ. ಸಂಘದ ಲೆಕ್ಕಪತ್ರ ಶೀಟಿನಲ್ಲಿತ್ತು. ಬಾಕ್ಸಿನಲ್ಲಿ ಅದರ ಹೆಸರು ಕಂಡು ಖುಷಿಯಾಯಿತು, ಸೈಜ್ ನೋಡಿದರೆ ಒಂದು ಕೆಬಿಯೂ ಇಲ್ಲ. ಒಳಗೆ ಬರೀ ಲಿಂಕ್. ಎಕ್ಸೆಲ್ ಅಥವಾ ವರ್ಡ್ ಆಗಿ ಬದಲಿಸಿ ಇಳಿಸುವ ಆಯ್ಕೆ ನಿಮ್ಮ ಬಾಕ್ಸಿನಲ್ಲಿ ಇದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಆಗಾಗ ಕೈಯಿಂದ ಡೌನ್‌ಲೋಡ್ ಮಾಡಿಡಿ.

ಅಂಗಡಿಗೆ ಹೋಗಿ ಕೇಳಿದ್ದಕ್ಕೆ ಸಿಕ್ಕ ಉತ್ತರ: "ಸಿಂಕ್ ಅಂದರೆ ಹಾಗೇ ಸರ್, ಅಳಿಸಿದ್ದು ನಿಮ್ಮ ಅಕ್ಕ ಅಲ್ವಾ?" ಅಕ್ಕನಿಗೆ ಹಾಗೆ ಹೇಳಿಕೊಟ್ಟದ್ದು ಯಾರು ಅಂತ ಕೇಳಿದರೆ ಆ ಹುಡುಗ ಈಗ ಕೆಲಸ ಬಿಟ್ಟಿದ್ದಾನಂತೆ. ಸರ್ವೀಸ್ ಚಾರ್ಜ್ ವಾಪಸ್ ಕೊಡಲಿಕ್ಕೂ ತಯಾರಿಲ್ಲ.

ನೀವು ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಸಿಂಕ್ ಆ್ಯಪ್ ತೆರೆದು ಫೋಲ್ಡರಿನ ಎದುರು ಬಾಣ ಯಾವ ಕಡೆಗೆ ಉಂಟು ನೋಡಿ. ಎರಡು ತಲೆಯ ಬಾಣ ಇದ್ದರೆ ಒಂದೇ ಕಡೆಗೆ ಮಾಡಿಸಿ: ಡ್ರೈವಿನಿಂದ ಬಾಕ್ಸಿಗೆ ಇಳಿಸುವುದು ಮಾತ್ರ. ಅಷ್ಟಕ್ಕೇ ನಿಲ್ಲಿಸಬೇಡಿ. ಒಂದೇ ಕಡೆಯ ಬಾಣದಲ್ಲೂ ಡಿಲೀಟ್ ಇಳಿದು ಬರಬಹುದು. ಮೂಲದಲ್ಲಿ ಅಳಿಸಿದರೂ ಇಲ್ಲಿ ಅಳಿಸಬೇಡ ಎನ್ನುವ ಬೇರೆಯೇ ಟಿಕ್ ಇರುತ್ತದೆ, ಅದನ್ನು ಹಾಕಿ. ಆಮೇಲೆ ಡ್ರೈವಿಗೆ ಒಂದು ಬೇಡದ ಫೋಟೋ ಹಾಕಿ, ಬಾಕ್ಸಿಗೆ ಬಂದ ಮೇಲೆ ಡ್ರೈವಿನಿಂದ ಅಳಿಸಿ ನೋಡಿ. ಬಾಕ್ಸಿನಲ್ಲಿ ಉಳಿದರೆ ಸರಿ. ಸೆಟ್ ಮಾಡಲಿಕ್ಕೆ ಬಂದವರ ಎದುರೇ ಇದನ್ನು ಮಾಡಿ, ಆಮೇಲೆ ದುಡ್ಡು ಕೊಡಿ. ದಿನಕ್ಕೊಂದು ಸ್ನ್ಯಾಪ್‌ಶಾಟ್ ಹಾಕಿಸಿ, ಸಿಸಿಟಿವಿಗೆ ಬೇರೆ ಡಿಸ್ಕ್ ಇರಲಿ. ಯುಎಸ್‌ಬಿ ಡಿಸ್ಕಿಗೆ ಒಂದು ಪ್ರತಿ ತೆಗೆದು ವಯರ್ ಕಳಚಿ ಇನ್ನೊಂದು ಮನೆಯಲ್ಲಿಡಿ. ನಮ್ಮದು ಈಗ ಮಾವನ ಮನೆಯಲ್ಲಿದೆ. ಯುಪಿಎಸ್ ಬಗ್ಗೆ ಹೇಳುವ ಅಗತ್ಯ ಇಲ್ಲ, ಇಲ್ಲಿಯ ಸಿಡಿಲು ಎಲ್ಲರಿಗೂ ಗೊತ್ತು.

ರೂಟರನ್ನೂ ಒಮ್ಮೆ ತೆರೆದು ನೋಡಿ. ಅಕ್ಕನಿಗೆ ಅಲ್ಲಿಂದ ಕಾಣಲಿ ಅಂತ ಬಾಕ್ಸಿನ ಪೋರ್ಟನ್ನು, ಅಂದರೆ ಹೊರಗಿನಿಂದ ಒಳಗೆ ಬರುವ ಬಾಗಿಲನ್ನು, ಇಂಟರ್ನೆಟ್ಟಿಗೆ ನೇರ ತೆರೆದಿಟ್ಟು ಹೋಗಿದ್ದರು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಹೀಗೆ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಬಾಕ್ಸುಗಳನ್ನು ಹುಡುಕಿ ಫೈಲುಗಳಿಗೆ ಬೀಗ ಹಾಕಿ, 0.03 ಬಿಟ್‌ಕಾಯಿನ್ ಕೇಳಿತ್ತು. ಎರಡು ಕಡೆಯ ಸಿಂಕ್ ಇದ್ದರೆ ಬೀಗ ಬಿದ್ದ ಫೈಲೇ ಡ್ರೈವಿಗೂ ಹತ್ತುತ್ತದೆ. ನಾವು ಪೋರ್ಟ್ ಮುಚ್ಚಿ ವಿಪಿಎನ್ (ನಮ್ಮವರಿಗೆ ಮಾತ್ರ ತೆರೆಯುವ ಗುಪ್ತ ದಾರಿ) ಹಾಕಿಕೊಂಡೆವು. ಅಡ್ಮಿನ್ ಪಾಸ್‌ವರ್ಡ್ ಅಂಗಡಿಯ ಹೆಸರೇ ಆಗಿತ್ತು, ಅದನ್ನೂ ಬದಲಿಸಿದೆವು. ಅದೇ ಅಂಗಡಿಯವರು ಹಾಕಿಕೊಟ್ಟ ಬಾಕ್ಸ್ ನಿಮ್ಮ ಮನೆಯಲ್ಲಿದ್ದರೆ ನಿಮ್ಮದೂ ಅದೇ ಪಾಸ್‌ವರ್ಡ್ ಇರಬಹುದು. ಇವತ್ತೇ ಬದಲಿಸಿ.