ಹಳೇ ರೇಸ್ ಬ್ಲಾಕ್ ತಗೊಳ್ಳೋ ಮುಂಚೆ ಅಳತೆ ಮಾಡ್ಸಿ, ನನಗಾದದ್ದು ನಿಮಗೆ ಬೇಡ

ಹೋದ ರಾಜ್ಯೋತ್ಸವದ ದಿನ, ನಮ್ಮ ಡೆಟ್ರಾಯ್ಟ್ ಕಡೆಯ ಪಂಪ ಕನ್ನಡ ಕೂಟದ ಪ್ರೋಗ್ರಾಮಲ್ಲಿ, ಊಟಕ್ಕೆ ಲೈನಲ್ಲಿ ನಿಂತಿದ್ದೆ. ಒಬ್ಬ ಹುಡುಗ ಬಂದು ಅಣ್ಣ ನಾನೂ ಒಂದು ಫಾಕ್ಸ್ ಬಾಡಿ ಮಸ್ಟಾಂಗ್ (ಫೋರ್ಡಿನ ಹಳೇ ಮಾಡೆಲ್ ಕಾರು) ತಗೊಂಡಿದೀನಿ, ಡ್ರ್ಯಾಗ್‌ಗೆ (ನೇರ ದಾರೀಲಿ ಓಡೋ ವೇಗದ ರೇಸು) ರೆಡಿ ಮಾಡ್ತಿದೀನಿ, ಆಫ್ಟರ್‌ಮಾರ್ಕೆಟ್ ಬ್ಲಾಕ್ (ಕಾರ್ ಕಂಪನಿ ಅಲ್ಲದೆ ಬೇರೆಯವರು ಮಾಡೋದು, ಇಂಜಿನ್ನಿನ ಸಿಲಿಂಡರುಗಳಿರೋ ಮುಖ್ಯ ಭಾಗ) ಒಂದು ಅರ್ಧ ರೇಟಿಗೆ ಸಿಗ್ತಿದೆ, ತಗೊಳ್ಳಾ ಅಂತ ಕೇಳ್ದ. ಅವನು ಫೋನಲ್ಲಿ ತೋರಿಸಿದ ಫೋಟೋ ನೋಡಿ ಹೊಟ್ಟೆ ತೊಳಸಿದಂಗಾಯ್ತು ನನಗೆ, ಯಾಕಂದ್ರೆ ಎರಡು ವರ್ಷದ ಹಿಂದೆ ನಾನು ತಗೊಂಡ ಬ್ಲಾಕಿನ ಫೋಟೋನೂ ಹಿಂಗೇ ಇತ್ತು, ಹೊಸಾ ಪೇಂಟು, ಫಳಫಳ ಹೊಳಿಯೋ ಡೆಕ್ (ಹೆಡ್ ಕೂರೋ ಮಟ್ಟಸ ಮುಖ), ಮೇಲೆ ಪ್ಲಾಸ್ಟಿಕ್ ಕವರ್. ತಟ್ಟೆ ಕೈಲಿ ಹಿಡ್ಕೊಂಡು ಅವನಿಗೆ ಹೇಳಕ್ಕಾಗಿದ್ದು ಅರ್ಧ, ಪೂರ್ತಿ ಇಲ್ಲಿ ಬರೀತಿದೀನಿ.

ನನ್ನ ಕಾರು 1991ರ 5.0 ಮಸ್ಟಾಂಗ್. ಫೋರ್ಡಿನ ಆ 302 ಕ್ಯುಬಿಕ್ ಇಂಚಿನ ಇಂಜಿನ್ ಒಳ್ಳೇದೇ, ಬೋರ್ (ಸಿಲಿಂಡರಿನ ಅಗಲ) 4 ಇಂಚು ಸ್ಟ್ರೋಕ್ (ಪಿಸ್ಟನ್ ಓಡೋ ದೂರ) 3 ಇಂಚು, ಆದ್ರೆ ಫ್ಯಾಕ್ಟರಿ ಬ್ಲಾಕು ತೆಳು ಎರಕ. ಸುಮಾರು 500 ಹಾರ್ಸ್‌ಪವರ್ ದಾಟಿದ್ಮೇಲೆ ಯಾವತ್ತು ಹೋಗತ್ತೋ ಗೊತ್ತಿಲ್ಲ, ಹೋದಾಗ ಕೆಳಗೆ ಕ್ರ್ಯಾಂಕ್ ಶಾಫ್ಟ್ ಹಿಡಿಯೋ ಮೇನ್ ಕ್ಯಾಪ್ ಹತ್ರದಿಂದ ಮೇಲೆ ಎರಡು ಸಿಲಿಂಡರ್ ಸಾಲಿನ ಮಧ್ಯದ ಲಿಫ್ಟರ್ ವ್ಯಾಲಿವರೆಗೂ ತೆಂಗಿನಕಾಯಿ ಹೋಳಾದಂಗೆ ಎರಡಾಗತ್ತೆ. ನನಗೆ ಟರ್ಬೋ ಹಾಕಿ 800ರ ಹತ್ರ ಹೋಗ್ಬೇಕಿತ್ತು, ಹಾಗಾಗಿ ಆಫ್ಟರ್‌ಮಾರ್ಕೆಟ್ ಬ್ಲಾಕ್ ಬಿಟ್ರೆ ಬೇರೆ ದಾರಿ ಇರ್ಲಿಲ್ಲ. ಡಾರ್ಟ್ ತರದ ಕಂಪನಿಗಳ ಬ್ಲಾಕಲ್ಲಿ ಡೆಕ್ ದಪ್ಪ, ಸಿಲಿಂಡರ್ ಗೋಡೆ ದಪ್ಪ, ಮೇನ್ ಕ್ಯಾಪಿಗೆ ಎರಡರ ಬದ್ಲು ನಾಲ್ಕು ಬೋಲ್ಟು, ಫ್ಯಾಕ್ಟರಿದಕ್ಕಿಂತ 40-50 ಪೌಂಡ್ ತೂಕ ಜಾಸ್ತಿ, ಬೋರ್ 4.125ರವರೆಗೆ ಆರಾಮಾಗಿ ಹೋಗತ್ತೆ, ಅದಕ್ಕೆ 3.400 ಸ್ಟ್ರೋಕಿನ ಕ್ರ್ಯಾಂಕ್ ಹಾಕಿದ್ರೆ 363 ಕ್ಯುಬಿಕ್ ಇಂಚ್ ಆಗತ್ತೆ. ಅಲ್ಯೂಮಿನಿಯಂದೂ ಇದೆ, ತೂಕ ಹೆಚ್ಚುಕಮ್ಮಿ ಅರ್ಧಕ್ಕಿಳಿಯತ್ತೆ, ಆದ್ರೆ ರೇಟು ಕೇಳಿದ್ಮೇಲೆ ನಾನು ಆ ಕಡೆ ತಿರುಗಿ ನೋಡ್ಲಿಲ್ಲ.

ಎರಕದ ಕಬ್ಬಿಣದ ಹೊಸ ಬ್ಲಾಕು ಆಗ ಮೂರು ಸಾವಿರ ಡಾಲರ್ ಆಸುಪಾಸಿತ್ತು. ನನಗೆ ಒಹಾಯೋದಲ್ಲಿ ಒಬ್ಬರ ಹತ್ರ 1500ಕ್ಕೆ ಸಿಕ್ತು. ಯಾರು ಅಂತ ಬರಿಯಲ್ಲ, ಅದು ಮುಖ್ಯ ಅಲ್ಲ, ಅವರು ಏನು ಹೇಳಿದ್ರು ಅನ್ನೋದು ಮುಖ್ಯ. ಒಂದೇ ಸೀಸನ್ ಓಡಿರೋದು, ಟಾರ್ಕ್ ಪ್ಲೇಟ್ (ಹೆಡ್ ಬದ್ಲು ಬಿಗಿಯೋ ದಪ್ಪ ಪ್ಲೇಟು) ಹಾಕಿ ಹೋನಿಂಗ್ (ಬೋರ್ ಉಜ್ಜಿ ಅಳತೆಗೆ ತರೋದು) ಆಗಿದೆ, ಡೆಕ್ ಫ್ರೆಶ್ ಆಗಿ ಫೇಸಿಂಗ್ (ಸವರಿ ಮಟ್ಟ ಮಾಡೋದು) ಆಗಿದೆ, ನೀವು ತೊಳೆದು ಅಸೆಂಬ್ಲಿ ಮಾಡ್ಕೊಂಡ್ರೆ ಸಾಕು ಅಂದ್ರು. ಈ ಕೊನೇ ಮಾತು ಇದ್ಯಲ್ಲ, ನನ್ನನ್ನ ಕೆಡವಿದ್ದೇ ಇದು. ಮಷೀನ್ ಶಾಪ್ ಖರ್ಚು ಉಳೀತು ಅಂತ ಖುಷಿಯಾಗಿ, ಬ್ಲಾಕನ್ನ ಯಾರ ಹತ್ರಾನೂ ತೋರಿಸದೆ ಸೀದಾ ಗ್ಯಾರೇಜಿಗೆ ತಂದು ಸ್ಟ್ಯಾಂಡಿಗೆ ಏರಿಸ್ದೆ.

ಮೊದಲ ಏಟು ಅಲ್ಲೇ ಬಿತ್ತು. ಈ 8.2 ಇಂಚು ಡೆಕ್ ಎತ್ತರದ ಬ್ಲಾಕುಗಳು ಎರಡು ತರ ಮೇನ್ ಸೈಜಲ್ಲಿ (ಬ್ಲಾಕಿನ ಬೇರಿಂಗಲ್ಲಿ ಕೂರೋ ಕ್ರ್ಯಾಂಕ್ ಭಾಗದ ಅಗಲ) ಬರತ್ವೆ, ಮಾಮೂಲಿ 302ರ 2.249 ಇಂಚಿಂದು ಒಂದು, ಕ್ಲೀವ್‌ಲ್ಯಾಂಡ್ (ಫೋರ್ಡಿನದೇ ಬೇರೆ ಇಂಜಿನ್) ಮೇನ್ 2.749ದು ಇನ್ನೊಂದು. ನಾನು ಕ್ರ್ಯಾಂಕ್ ಮೊದ್ಲೇ ತಗೊಂಡಿದ್ದೆ 302 ಸೈಜಿಂದು, ಬ್ಲಾಕು ನೋಡಿದ್ರೆ ಕ್ಲೀವ್‌ಲ್ಯಾಂಡ್. ಕೇಳಿರ್ಲಿಲ್ಲ ನಾನು, ಅವರೂ ಹೇಳಿರ್ಲಿಲ್ಲ. ಹೊಸ ಕ್ರ್ಯಾಂಕಿಗೆ ಮತ್ತೆ ಸಾವಿರ ಡಾಲರ್ ಮೇಲೆ ಹೋಯ್ತು. ಅಲ್ಲಿಗೆ ಅರ್ಧ ರೇಟಿನ ಲಾಭ ಹೆಚ್ಚುಕಮ್ಮಿ ಮುಗೀತು ನೋಡಿ, ಆದ್ರೂ ನಾನು ನಿಲ್ಲಿಸ್ಲಿಲ್ಲ.

ಇಂಜಿನ್ ಸ್ಟಾರ್ಟ್ ಆಯ್ತು, ಆಯಿಲ್ ಪ್ರೆಶರ್ ಚೆನ್ನಾಗಿತ್ತು, ಈ85 (ಎಥನಾಲ್ ಬೆರೆಸಿದ ಪೆಟ್ರೋಲು) ಹಾಕಿ 12 ಪಿಎಸ್‌ಐ ಬೂಸ್ಟಲ್ಲಿ (ಟರ್ಬೋ ಇಂಜಿನ್ನಿಗೆ ತಳ್ಳೋ ಗಾಳಿಯ ಒತ್ತಡ) ಎರಡು ಮೂರು ಸಲ ಓಡಿಸಿದಾಗ ಏನೂ ಆಗ್ಲಿಲ್ಲ. ಬೂಸ್ಟ್ 18ಕ್ಕೆ ಏರಿಸಿದ್ಮೇಲೆ ರನ್ ಮುಗ್ಸಿ ಪಿಟ್ಟಿಗೆ ಬಂದ್ರೆ ರೇಡಿಯೇಟರ್ ಮೇಲಿನ ಹೋಸ್ ಕಲ್ಲಿನ ತರ ಗಟ್ಟಿ, ಓವರ್‌ಫ್ಲೋ ಡಬ್ಬ ತುಂಬಿರೋದು. ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು, ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂದ್ಕೊಂಡೆ, ಬಿಚ್ಚಿ ನೋಡಿದ್ರೆ ಹೌದು, 7ನೇ ಸಿಲಿಂಡರ್ ಹತ್ರ ಸುಟ್ಟಿತ್ತು. ಹೊಸ ಗ್ಯಾಸ್ಕೆಟ್ ಹಾಕ್ದೆ. ಮೂರು ವಾರಕ್ಕೆ ಮತ್ತೆ ಅದೇ, ಅದೇ 7ನೇದು. ಟ್ಯೂನ್ ಮಾಡೋರನ್ನ ಬೈದೆ, ಸ್ಪಾರ್ಕ್ ಟೈಮಿಂಗ್ ಜಾಸ್ತಿ ಕೊಟ್ಟಿದೀರ ಅಂತ, ಪಾಪ ಅವರ ತಪ್ಪು ಏನೂ ಇರ್ಲಿಲ್ಲ, ಆಮೇಲೆ ಹೋಗಿ ಕ್ಷಮೆ ಕೇಳ್ದೆ. ಹೆಡ್ ಸ್ಟಡ್ ಹೊಸದು ಹಾಕ್ದೆ, ಹೆಡ್ ಫೇಸಿಂಗ್ ಮಾಡಿಸ್ದೆ. ಒಂದೇ ಸಿಲಿಂಡರ್ ಎರಡು ಸಲ ಹೋದಾಗ ಬ್ಲಾಕ್ ಕಡೆ ನೋಡ್ಬೇಕು ಅನ್ನೋದು ಹೊಳೀಲೇ ಇಲ್ಲ. ಅದು ರೇಸ್ ಬ್ಲಾಕ್ ಅಲ್ವಾ, ಅದಕ್ಕೇನಾಗತ್ತೆ ಅನ್ನೋ ನಂಬಿಕೆ.

ಆಮೇಲೆ ನಮ್ಮ ಕಡೆಯ ರೇಸ್ ಟ್ರ್ಯಾಕ್ ಮಿಲನ್ ಡ್ರ್ಯಾಗ್‌ವೇನಲ್ಲಿ ಆ ದಿನ. ಸಂಜೆ ತಂಪಿತ್ತು, ಕಾಲು ಮೈಲಿ, ಲಾಂಚ್ ಚೆನ್ನಾಗಿ ಸಿಕ್ತು, ಸಾವಿರ ಅಡಿ ದಾಟಿರ್ಬೇಕು, ಕಾರಿನ ಹಿಂಭಾಗ ಇದ್ದಕ್ಕಿದ್ದಂಗೆ ಎಡಕ್ಕೆ ಸರೀತು. 130 ಮೈಲಿ ಸ್ಪೀಡಲ್ಲಿ. ಕಾಲು ಎತ್ತಿ, ಸ್ಟೀರಿಂಗ್ ಮೆತ್ತಗೆ ಹಿಡಿದು, ಹೆಂಗೋ ಗೋಡೆಗೆ ತಗುಲದೆ ನಿಂತೆ. ಆಗಿದ್ದೇನಂದ್ರೆ ಸಿಲಿಂಡರಿನ ಪ್ರೆಶರ್ ನೀರಿನ ಜಾಕೆಟಿಗೆ ನುಗ್ಗಿ, ನೀರೆಲ್ಲ ಡಬ್ಬ ತುಂಬಿ ಹೊರಗೆ ಚೆಲ್ಲಿ ನನ್ನ ಹಿಂದಿನ ಟೈರಿನ ಕೆಳಗೇ ಬಂದಿತ್ತು. ರೂಲ್ ಪ್ರಕಾರ 16 ಔನ್ಸಿನ ಡಬ್ಬ ಇತ್ತು, ಆದ್ರೆ ಬೂಸ್ಟ್ ತಳ್ಳೋ ನೀರಿಗೆ ಆ ಡಬ್ಬ ಎಲ್ಲಿ ಸಾಕಾಗತ್ತೆ. ಹೆಂಡ್ತಿ ಬೇಲಿ ಹತ್ರ ನಿಂತು ನೋಡ್ತಿದ್ಲು. ಆ ರಾತ್ರಿ ಅವಳು ಒಂದು ಮಾತೂ ಆಡ್ಲಿಲ್ಲ, ಅದು ಇವತ್ತಿಗೂ ನನಗೆ ಚುಚ್ಚತ್ತೆ.

ಮೂರನೇ ಸಲ ಹೆಡ್ ಬಿಚ್ಚಿ ತುಮಕೂರಿನ ನಮ್ಮ ಸೋದರಮಾವನಿಗೆ ವಿಡಿಯೋ ಕಾಲ್ ಮಾಡ್ದೆ. ಅವರು ಮೂವತ್ತು ವರ್ಷ ಬೋರ್ ಹೊಡಿಯೋ ಲೇತ್ ಶಾಪ್ ಇಟ್ಕೊಂಡಿದ್ದವರು, ಲಾರಿ ಟ್ರ್ಯಾಕ್ಟರ್ ಇಂಜಿನ್ನೇ ಜಾಸ್ತಿ, ಡ್ರ್ಯಾಗ್ ರೇಸು ನೋಡಿದವರಲ್ಲ. ಡೆಕ್ ಮೇಲೆ ಫೋನ್ ಓಡಿಸ್ತಿದ್ದೆ, ತಡಿ ತಡಿ ಅಂದ್ರು. "ಆ ಏಳನೇ ಬೋರ್ ಸುತ್ತ ಪಕ್ಕದಿಂದ ಲೈಟ್ ಬಿಡು. ಇನ್ನೂ ಕೆಳಗೆ ಬಗ್ಗಿಸಿ ಬಿಡು. ಹಾ. ಲೈನರ್ ಹಾಕವ್ರೆ ಕಣೋ ಇದಕ್ಕೆ, ತಗೊಳೋವಾಗ ನೋಡ್ಲಿಲ್ವ? ಉಗುರು ಹಾಕಿ ನೋಡು, ಸಿಗತ್ತೆ."

ಸಿಕ್ತು. ಕೂದಲೆಳೆ ಅಂಥ ಗೆರೆ, ಬೋರಿನ ಸುತ್ತ ಪೂರ್ತಿ ಉಂಗುರ, ಸಿಲಿಂಡರೊಳಗೆ ಕೂರಿಸಿದ ಲೈನರ್ ಕೊಳವೆಯ ಅಂಚು, ಉಗುರು ಅದರೊಳಗೆ ಕಚ್ಚಿಕೊಳ್ತು.

ಮಾರನೇ ದಿನ ಮಷೀನ್ ಶಾಪಿಗೆ ತಗೊಂಡು ಹೋದೆ, ಅಲ್ಲಿನ ಹಿರಿಯರು ಡೆಕ್ ಮೇಲೆ ಡಯಲ್ ಗೇಜ್ ಇಟ್ಟು ಅಳೆದ್ರು, ಲೈನರ್ 4 ಥೌ (ಒಂದು ಥೌ ಅಂದ್ರೆ ಇಂಚಿನ ಸಾವಿರದಲ್ಲೊಂದು ಭಾಗ) ಕೆಳಗೆ ಇಳಿದಿತ್ತು, ಅಂದ್ರೆ 0.1 ಮಿಲಿಮೀಟರ್. ಅಷ್ಟೇ. ಆದ್ರೆ ಗ್ಯಾಸ್ಕೆಟಿನ ಫೈರ್ ರಿಂಗ್ (ಬೋರ್ ಸುತ್ತ ಸೀಲ್ ಮಾಡೋ ಉಂಗುರ) ಕೂರೋದೇ ಆ ಲೈನರಿನ ಬಾಯಿ ಮೇಲೆ, ಅದು ಕೆಳಗೆ ಇಳಿದ್ರೆ ಅಲ್ಲಿ ಒತ್ತಡ ಬೀಳಲ್ಲ, ನೀವು ಎಷ್ಟು ಬಿಗಿ ಮಾಡಿ, ಎಷ್ಟು ದುಬಾರಿ ಗ್ಯಾಸ್ಕೆಟ್ ಹಾಕಿ, ಬೂಸ್ಟ್ ಏರಿದ ತಕ್ಷಣ ಅಲ್ಲೇ ತೂರಿಕೊಂಡು ಹೋಗತ್ತೆ. ಅವರ ಅಂದಾಜಲ್ಲಿ ಹಿಂದೆ ಯಾವತ್ತೋ ಪಿಸ್ಟನ್ನಿನ ರಾಡ್ ಮುರಿದು ಆ ಸಿಲಿಂಡರ್ ಗೋಡೆ ತೂತಾಗಿದೆ, ಲೈನರ್ ಹಾಕಿದಾರೆ, ಆದ್ರೆ ಲೈನರ್ ಕೂರಕ್ಕೆ ಕೆಳಗಡೆ ಮೆಟ್ಟಿಲು ಬಿಡದೆ ನೇರವಾಗಿ ತಳದವರೆಗೂ ಬೋರ್ ಹೊಡೆದಿದಾರೆ. ಮೇಲೆ ಡೆಕ್ ಫೇಸಿಂಗ್ ಮಾಡಿದ್ರಿಂದ ಗೆರೆ ಕಾಣದಂಗಾಯ್ತು. ಲೈನರ್ ಹಾಕೋದು ತಪ್ಪಲ್ಲ, ಸರಿಯಾಗಿ ಹಾಕಿದ್ರೆ ವರ್ಷಗಟ್ಟಲೆ ಓಡತ್ತೆ. ಮುಚ್ಚಿಟ್ಟು ಮಾರಿದ್ದು ತಪ್ಪು, ಅದರಿಂದ ಒಂದು ಜೀವ ಹೋಗಬಹುದಿತ್ತು. ಮಾರಿದವರಿಗೆ ಫೋನ್ ಮಾಡಿದ್ರೆ ನನಗೆ ಗೊತ್ತಿರ್ಲಿಲ್ಲ ಅಂದ್ರು, ಆಮೇಲೆ ಫೋನೇ ಎತ್ತಲಿಲ್ಲ. ರಶೀದಿ ಇರ್ಲಿಲ್ಲ, ಕ್ಯಾಶ್ ಕೊಟ್ಟಿದ್ದೆ.

ಕ್ರ್ಯಾಂಕು, ಮೂರು ಸಲದ ಗ್ಯಾಸ್ಕೆಟ್, ಸ್ಟಡ್, ಆಯಿಲ್, ಹೆಡ್ ಕೆಲಸ, ನೀರು ಸೇರಿ ಹಾಳಾದ ಬೇರಿಂಗ್, ಎಲ್ಲ ಕೂಡಿದ್ರೆ ಆರು ಸಾವಿರ ಡಾಲರ್ ಹತ್ರ. ಎರಡು ಹೊಸ ಬ್ಲಾಕಿನ ದುಡ್ಡು.

ಹಾಗಾಗಿ ದಯವಿಟ್ಟು, ಹಳೇ ಬ್ಲಾಕ್ ತಗೊಳ್ಳೋದಾದ್ರೆ ದುಡ್ಡು ಕೊಡೋ ಮುಂಚೆ ನಿಮ್ಮ ಕಡೆಯ ಮಷೀನ್ ಶಾಪಲ್ಲಿ ಇಳಿಸೋಕೆ ಒಪ್ಪಿಸಿ, ಒಪ್ಪದಿದ್ರೆ ಅಲ್ಲಿಗೇ ಬಿಟ್ಟು ಬನ್ನಿ. ಸೋನಿಕ್ ಟೆಸ್ಟ್ (ಶಬ್ದದ ಅಲೆಯಿಂದ ಗೋಡೆ ದಪ್ಪ ಅಳೆಯೋದು) ಮಾಡ್ಸಿ, ಪ್ರತಿ ಸಿಲಿಂಡರಿಗೂ ನಾಲ್ಕೂ ಕಡೆ, ಮೇಲೆ ಮಧ್ಯ ಕೆಳಗೆ ಗೋಡೆ ದಪ್ಪ ಬರೆದ ಶೀಟ್ ಕೇಳಿ, ಬೂಸ್ಟ್ ಹಾಕೋರಿಗೆ ಪಿಸ್ಟನ್ ಒತ್ತೋ ಕಡೆ 200 ಥೌಗಿಂತ ಕಮ್ಮಿ ಇದ್ರೆ ಬೇಡ. ನೀರಿನ ಜಾಕೆಟ್ ಸೋರತ್ತಾ ಅಂತ ಪ್ರೆಶರ್ ಟೆಸ್ಟ್, ಬಿರುಕಿಗೆ ಮ್ಯಾಗ್ನಾಫ್ಲಕ್ಸ್ (ಅಯಸ್ಕಾಂತದ ಪರೀಕ್ಷೆ), ಎರಡೂ ಆಗ್ಲಿ. ಮೇನ್ ಕ್ಯಾಪ್‌ಗಳು ಆ ಬ್ಲಾಕಿನವೇನಾ ನೋಡಿ, ಬೇರೆ ಕ್ಯಾಪ್ ಅಥ್ವಾ ಹೊಸ ಸ್ಟಡ್ ಹಾಕಿದ್ರೆ ಲೈನ್ ಹೋನಿಂಗ್ (ಕ್ರ್ಯಾಂಕ್ ಕೂರೋ ತೂತುಗಳನ್ನ ಒಂದೇ ಸಾಲಿಗೆ ಉಜ್ಜೋದು) ಆಗ್ಲೇಬೇಕು. ಮೇನ್ ಸೈಜ್, ಈಗಿನ ಬೋರ್, ಡೆಕ್ ಎತ್ತರ, ಇಷ್ಟು ಬಾಯಲ್ಲಿ ಬೇಡ, ಬರೆದು ಕೊಡಕ್ಕೆ ಹೇಳಿ, ಕ್ರ್ಯಾಂಕು ಪಿಸ್ಟನ್ನು ಆಮೇಲೆ ತಗೊಳ್ಳಿ. ಡೆಕ್ ಮೇಲೆ ಪೇಂಟ್ ಗ್ರೀಸ್ ಏನಿದ್ರೂ ಒರೆಸಿ, ಲೈಟ್ ಪಕ್ಕದಿಂದ ಬಿಟ್ಟು ನೋಡಿ. ಇನ್ನು ಹೊಸ ಬ್ಲಾಕ್ ತಗೊಂಡ್ರೂ ಡಬ್ಬದಿಂದ ತೆಗೆದು ಹಂಗೇ ಕಟ್ಟಬೇಡಿ, ಬೋರ್ ಬೇಕಂತ್ಲೇ ಕೆಲವು ಥೌ ಚಿಕ್ಕದು ಬಿಟ್ಟಿರ್ತಾರೆ, ಫೈನಲ್ ಹೋನಿಂಗ್ ನೀವೇ ಮಾಡಿಸ್ಬೇಕು, ಆಯಿಲ್ ದಾರಿಗಳನ್ನ ಬಿಸಿನೀರು ಸೋಪು ಬ್ರಶ್ ಹಾಕಿ ತಿಕ್ಕಬೇಕು.

ಆ ಹುಡುಗ ಹೋದ ವಾರ ಫೋನ್ ಮಾಡಿದ್ದ. ಮಾರೋರು ಮಷೀನ್ ಶಾಪಿಗೆ ಇಳಿಸಕ್ಕೆ ಒಪ್ಪಲಿಲ್ಲವಂತೆ, ಬಿಟ್ಟೆ ಅಣ್ಣ ಅಂದ. ನನ್ನ ಬ್ಲಾಕು ಇನ್ನೂ ಗ್ಯಾರೇಜಿನ ಮೂಲೇಲಿದೆ, ಗುಜರಿಗೆ ಹಾಕಿಲ್ಲ, ಬೇರೆಯವರಿಗೆ ಮಾರೋ ಮನಸ್ಸಂತೂ ಇಲ್ಲ. ಮಿಲನ್ ಕಡೆ ಬರೋರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ ಮನೆಗೆ ಬನ್ನಿ, ಡ್ರೈವರ್ ಕಡೆ ಮುಂದಿನಿಂದ ಮೂರನೇ ಬೋರು, ಉಗುರು ಹಾಕಿ ಆ ಗೆರೆ ಮುಟ್ಟಿ ನೋಡ್ಕೊಂಡು ಹೋಗಿ.