ಜಪಾನ್ ಹೈಸ್ಕೂಲಿನ ಹೊಸ ಲೋಹದ ಬ್ಯಾಟ್: ಅಮೆರಿಕದ ಕಡೆ ಕಣ್ಣಿಟ್ಟ ಹುಡುಗರಿಗೆ ಎಷ್ಟು ಉಪಯೋಗ?

ಹೊಡೆಯೋಕೆ ಕಷ್ಟದ ಬ್ಯಾಟ್, ಕಲಿಯೋಕೆ ಒಳ್ಳೆಯ ಬ್ಯಾಟ್. 2024ರ ವಸಂತದ ಸೆನ್‌ಬಾತ್ಸು ಟೂರ್ನಿಯಿಂದ ಜಪಾನಿನ ಹೈಸ್ಕೂಲ್ ಬೇಸ್‌ಬಾಲ್‌ನಲ್ಲಿ ಲೋಹದ ಬ್ಯಾಟ್ ಹಿಡಿಯುವವರಿಗೆ ಇದೇ ಕಡ್ಡಾಯ. ದಪ್ಪ ಭಾಗದ ವ್ಯಾಸ 67 ಮಿ.ಮೀ. ಇದ್ದದ್ದು 64ಕ್ಕಿಳಿದಿದೆ. ಚೆಂಡು ತಗಲುವ ಕಡೆ ಲೋಹದ ದಪ್ಪ ಸುಮಾರು 3 ಮಿ.ಮೀ.ನಿಂದ 4ಕ್ಕೇರಿದೆ. ತೂಕ ಮಾತ್ರ ಹಿಂದಿನಂತೆ ಕನಿಷ್ಠ 900 ಗ್ರಾಂ.

ಹಳೆಯ ಬ್ಯಾಟಿನ ತೆಳು ಲೋಹ ಚೆಂಡು ಬಡಿದಾಗ ಒಳಕ್ಕೆ ಬಾಗಿ, ವಾಪಸ್ ಬರುವಾಗ ಚೆಂಡನ್ನು ತಳ್ಳುತ್ತಿತ್ತು. ಹೊಸದು ಅಷ್ಟು ಬಾಗುವುದಿಲ್ಲ. ಜೋರಾಗಿ ವಾಪಸ್ ಬರುವ ಚೆಂಡು ಬಡಿದು ಪಿಚರ್‌ಗಳಿಗೆ (ಚೆಂಡು ಎಸೆಯುವವರಿಗೆ) ಗಾಯವಾಗದಿರಲಿ ಅನ್ನುವುದೇ ಈ ಬದಲಾವಣೆಯ ಮುಖ್ಯ ಉದ್ದೇಶ. ಪರಿಣಾಮ ಕಣ್ಣಿಗೆ ಹೊಡೆಯುವಂತಿದೆ: ಹೈಸ್ಕೂಲ್‌ಗಳ ರಾಷ್ಟ್ರೀಯ ಟೂರ್ನಿಯಾದ 2017ರ ಬೇಸಿಗೆ ಕೋಶಿಯೆನ್‌ನಲ್ಲಿ 68 ಹೋಮ್ ರನ್ (ಅಂಗಳದ ಬೇಲಿ ದಾಟಿದ ಹೊಡೆತ), 2024ರ ಬೇಸಿಗೆಯಲ್ಲಿ ಬರೀ 7. ಆಮೇಲೆ ಅಮೆರಿಕದ ಕಾಲೇಜು ಸೇರಿದ ಸಾಸಾಕಿ ರಿಂತಾರೋ ಹೈಸ್ಕೂಲಿನಲ್ಲಿ ಬಾರಿಸಿದ 140 ಹೋಮ್ ರನ್ ಹಳೆಯ ಬ್ಯಾಟಿನ ಕಾಲದ್ದು. ಈಗಿನ ಹುಡುಗರ ಲೆಕ್ಕವನ್ನು ಅದರ ಪಕ್ಕ ಇಟ್ಟು ನೋಡುವುದು ಅನ್ಯಾಯ.

ಹೆಚ್ಚಿನವರು ಎಡವುವುದು ಆಯ್ಕೆಯಲ್ಲೇ. ಹೋದ ದೂರವನ್ನು ವಾಪಸ್ ಪಡೆಯೋಣವೆಂದು ತುದಿ ಭಾರದ, 84 ಸೆಂ.ಮೀ. ಬ್ಯಾಟ್ ಕೊಳ್ಳುತ್ತಾರೆ. ತುದಿ ಹಿಂದೆಯೇ ಉಳಿದು, ದೇಹದ ಹತ್ತಿರ ಬರುವ ವೇಗದ ಎಸೆತಕ್ಕೆ ಸ್ವಿಂಗ್ ತಡವಾಗುತ್ತದೆ. ಚೆಂಡು ಹಿಡಿಯ ಹತ್ತಿರ ಬಡಿದು ಕೈ ಜುಮ್ಮೆನ್ನುತ್ತದೆ, ಒಳ ಅಂಗಳದಲ್ಲಿ ನಿಂತ ಇನ್‌ಫೀಲ್ಡರ್ ಕೈಗೆ ಸುಮ್ಮನೆ ಕ್ಯಾಚ್ ಹೋಗುತ್ತದೆ. ಮಧ್ಯ ಸಮತೋಲನದ 83 ಸೆಂ.ಮೀ.ಯಿಂದ ಶುರು ಮಾಡುವುದೇ ವಾಸಿ. ಹೊರಬದಿಯ ಕೆಳ ಎಸೆತವನ್ನು ಬ್ಯಾಟಿನ ತುದಿಯಲ್ಲಿ ತಟ್ಟಿ ಇನ್‌ಫೀಲ್ಡ್ ದಾಟಿಸುವ ಹಳೆಯ ಚಾಳಿಯೂ ಇಲ್ಲಿ ನಡೆಯುವುದಿಲ್ಲ. ಚೆಂಡು ಉರುಳಿಕೊಂಡು, ಎರಡನೇ ಮತ್ತು ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕೈ ಸೇರುತ್ತದೆ.

ಇನ್ನು ಹೊರದೇಶದ ಮಾತು. ರಿಂತಾರೋ ಹಾಗೆ ಅಮೆರಿಕದ ಕಾಲೇಜಿಗೆ ಹೋಗುವವರಿಗೆ ಅಲ್ಲೂ ಲೋಹದ ಬ್ಯಾಟೇ, ಆದರೆ ಬಿಬಿಸಿಒಆರ್ (ಬ್ಯಾಟಿನಿಂದ ಚೆಂಡು ಎಷ್ಟು ಪುಟಿಯಬಹುದು ಅನ್ನುವುದಕ್ಕೆ ಅಲ್ಲಿನ ಮಾನದಂಡ) ಮುದ್ರೆ ಇರಲೇಬೇಕು; ಜಪಾನಿನದ್ದು ಪಂದ್ಯಕ್ಕೆ ನಡೆಯುವುದಿಲ್ಲ. ಅಲ್ಲಿನ ಬ್ಯಾಟಿನ ವ್ಯಾಸ 66.7 ಮಿ.ಮೀ.ವರೆಗೆ ಇರಬಹುದು, 33 ಇಂಚಿನದ್ದು ಸಾಮಾನ್ಯವಾಗಿ 30 ಔನ್ಸ್, ಅಂದರೆ ಸುಮಾರು 850 ಗ್ರಾಂ. ಜಪಾನಿನ ಬ್ಯಾಟ್ ಅದಕ್ಕಿಂತ ತೆಳು, ಭಾರ. ಇದರಲ್ಲಿ ಪಳಗಿದ ಕೈಗೆ ಅಲ್ಲಿಯದು ಹಗುರ ಅನ್ನಿಸುತ್ತದೆ. ಇದೊಂದು ಲಾಭ ಸಣ್ಣದಲ್ಲ.

2025ರ ಜನವರಿಯಲ್ಲಿ ಅಮೆರಿಕದ ವೃತ್ತಿಪರ ತಂಡ ಅಥ್ಲೆಟಿಕ್ಸ್ ಜೊತೆ ಸಹಿ ಹಾಕಿದ ಹೈಸ್ಕೂಲ್ ಹುಡುಗ ಮೊರಿಯಿ ಶೋತಾರೋ ಥರ ನೇರ ವೃತ್ತಿಪರ ತಂಡಕ್ಕೆ ಹಾರುವವರ ದಾರಿ ಬೇರೆ. ಅಲ್ಲಿ ಮರದ ಬ್ಯಾಟ್ ಮಾತ್ರ. ತಪ್ಪಾಗಿ ಹೊಡೆದರೆ ಮರ ಮುರಿಯುತ್ತದೆ, ಲೋಹ ಮುರಿಯುವುದಿಲ್ಲ. ಹಾಗಾಗಿ ಲೋಹದ ಬ್ಯಾಟೊಂದನ್ನೇ ನಂಬಿಕೊಳ್ಳಬೇಡಿ, ಟೀ ಅಭ್ಯಾಸವನ್ನಾದರೂ (ಚೆಂಡನ್ನು ಗೂಟದ ಮೇಲಿಟ್ಟು ಹೊಡೆಯುವುದು) ಮರದಲ್ಲಿ ಮಾಡಿ. ಪಂದ್ಯದಲ್ಲಿ ಮರ ಹಿಡಿಯಲೂ ಅಡ್ಡಿಯಿಲ್ಲ. 2024ರ ಸೆನ್‌ಬಾತ್ಸುನಲ್ಲೇ ಆಓಮೊರಿ ಯಾಮಾದಾ ಶಾಲೆಯ ಇಬ್ಬರು ಮರದ ಬ್ಯಾಟ್ ಹಿಡಿದು ಆಡಿದ್ದರು.

ಬೆಲೆಯೇ ದೊಡ್ಡ ತಕರಾರು: ಹೊಸದಕ್ಕೆ 30 ಸಾವಿರ ಯೆನ್ ಆಸುಪಾಸು ಇಲ್ಲವೇ ಅದಕ್ಕೂ ಹೆಚ್ಚು ತೆರಬೇಕು. ಹಾಗೆಂದು ಸೆಕೆಂಡ್‌ಹ್ಯಾಂಡ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಎತ್ತಿಕೊಂಡು ಬರಬೇಡಿ. ದಪ್ಪ ಭಾಗಕ್ಕೆ ಕ್ಯಾಲಿಪರ್ ಹಿಡಿದಾಗ 67 ತೋರಿಸಿದರೆ ಅದು ಹಳೆಯ ಮಾಲು, ಅಭ್ಯಾಸಕ್ಕಷ್ಟೇ.